ಕುಳಿರ್ಕೋಟೆಯ ಮೊಲಗೂಡುಗಳು

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನೂ ಇನ್ನೂ ಹುಟ್ಟದೇ ಇದ್ದ ಕಾಲದಲ್ಲಿ, ಏಳು ಬೆಟ್ಟಗಳ ನಡುವೆ ಕುಳಿರ್ಕೋಟೆ ಅಂತ ಒಂದು ರಾಜ್ಯ ಇತ್ತು. ಹೆಸರು ಕೇಳಿದರೇ ಹಲ್ಲು ಕಟಕಟ ಅನ್ನಬೇಕು, ಅಂಥ ಚಳಿಯ ಊರು. ಮಾಗಿ ಬಂತೆಂದರೆ ಬಾವಿಯ ಹಗ್ಗ ಸೆಟೆದು ಕೋಲಾಗುತ್ತಿತ್ತು. ಕೊಟ್ಟಿಗೆಯಲ್ಲಿ ಕರೆದ ಹಾಲು ಅಡಿಗೆಮನೆ ಸೇರುವಷ್ಟರಲ್ಲಿ ಮೇಲೆ ಮಂಜಿನ ಪದರ ಕಟ್ಟುತ್ತಿತ್ತು. ಆದರೂ ಜನ ನೆಮ್ಮದಿಯಾಗಿದ್ದರು. ಯಾಕೆ ಅಂದರೆ ಅವರ ಮನೆಗಳಲ್ಲಿ ಕೌದಿಗಳಿದ್ದವು.

ಕೌದಿ ಗೊತ್ತಲ್ಲ? ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಇರುವೆ ಸಾಲಿನ ಹಾಗೆ ಸಣ್ಣ ಹೊಲಿಗೆ ಹಾಕಿ ಮಾಡಿದ ಹೊದಿಕೆ. ಆ ಊರಿನಲ್ಲಿ ಪ್ರತಿ ತಾಯಿಯೂ ತನ್ನ ಪ್ರತಿ ಮಗುವಿಗೂ ಒಂದೊಂದು ಕೌದಿ ಹೊಲಿಯಲೇಬೇಕು. ಹೊಲಿದ ಮೇಲೆ ಅದಕ್ಕೆ ಯಾರೂ ಕತ್ತರಿ ಮುಟ್ಟಿಸುವ ಹಾಗಿಲ್ಲ. ಹರಿದರೆ ತೇಪೆ ಹಾಕಬಹುದು, ಕತ್ತರಿಸಬಾರದು. ಕತ್ತರಿಸಿದರೆ ತಾಯಿಯ ಎದೆಯನ್ನೇ ಸೀಳಿದ ಹಾಗೆ ಅಂತ ಅವರ ನಂಬಿಕೆ. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥವು ನಾಲ್ಕಾರು ಇದ್ದೇ ಇರುತ್ತವೆ.

ಕೋಟೆಯ ಕೆಳಗಿನ ಓಣಿಯಲ್ಲಿ ಸಂಗವ್ವ ಅನ್ನುವ ಹುಡುಗಿ ಇದ್ದಳು. ಮದುವೆಯ ವಯಸ್ಸು, ಆದರೆ ಮದುವೆ ಮಾಡುವವರು ಯಾರೂ ಇರಲಿಲ್ಲ. ಅಪ್ಪ ದಂಡಿನ ಜೊತೆ ಹೋದವನು ಬರಲಿಲ್ಲ. ಅವ್ವ ಕೆಮ್ಮಿ ಕೆಮ್ಮಿ ಸತ್ತಿದ್ದಳು. ಉಳಿದವಳು ತಂಗಿ ಪಾರಿ, ಇನ್ನೂ ಹಾಲುಹಲ್ಲು ಬೀಳದ ಕೂಸು. ಬಾಯಿ ತೆರೆದರೆ ಮುಚ್ಚುವವಳಲ್ಲ. ಉಣ್ಣುವಾಗ ಮಾತು, ತಲೆ ಬಾಚಿಸಿಕೊಳ್ಳುವಾಗ ಮಾತು, ನಿದ್ದೆಯಲ್ಲೂ ಮಾತು. "ಸ್ವಲ್ಪ ಸುಮ್ಮನಿರೇ ಮಾರಾಯ್ತಿ" ಅಂತ ಸಂಗವ್ವ ದಿನಕ್ಕೆ ಹತ್ತು ಸಲವಾದರೂ ಗದರುತ್ತಿದ್ದಳು.

ಹೀಗಿರಲು ಒಂದು ಮಾಗಿಯ ಶುರುವಿನಲ್ಲಿ, ಹಾಡಹಗಲೇ, ಬೆಟ್ಟದಿಂದ ದಟ್ಟ ಮಂಜಿನ ಕಾವಳ ಇಳಿಯಿತು. ಅದರೊಳಗಿಂದ ಒಬ್ಬ ಮಾಟಗಾರ ಬಂದ. ಕಾವಳರಾಯ ಅಂತ ಅವನ ಹೆಸರು. ಗಡ್ಡದ ತುಂಬ ಮಂಜಿನ ಹರಳು, ಕಣ್ಣು ಮಾತ್ರ ಬೂದಿ. ಯಾಕೆ ಬಂದ, ಆ ಊರವರು ಅವನಿಗೆ ಏನು ಮಾಡಿದ್ದರು ಅಂತ ಕೇಳಬೇಡಿ. ಏನೂ ಮಾಡಿರಲಿಲ್ಲ. ಎಳೆಯ ಜೀವಗಳ ಕೊನೆಯುಸಿರೇ ಅವನ ಆಹಾರ. ಹೊಟ್ಟೆ ಹಸಿದಿತ್ತು, ಬಂದ, ಅಷ್ಟೆ.

ಅವನು ಕೋಟೆಯ ಅಂಗಳದಲ್ಲಿ ನಿಂತು ಒಂದು ಸಲ ಊದಿದ. ಊರಿನಲ್ಲಿ ಹಾಲುಹಲ್ಲು ಬೀಳದ ಮಕ್ಕಳೆಲ್ಲ ಮೊಲಗಳಾದವು. ತೊಟ್ಟಿಲಲ್ಲಿದ್ದವು, ಬಚ್ಚಲಲ್ಲಿದ್ದವು, ಅಪ್ಪನ ಹೆಗಲ ಮೇಲಿದ್ದವು, ಎಲ್ಲವೂ. ಒಳಗಿದ್ದವು ನೆಗೆದು ಅಂಗಳಕ್ಕೆ ಬಂದವು. ಆಗ ಸಂಗವ್ವ ತನ್ನ ಮನೆಯ ಅಂಗಳದಲ್ಲಿ ಕೂತು ಪಾರಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನೋಡುತ್ತ ನೋಡುತ್ತ ತೊಡೆಯ ಮೇಲೆ ಒಂದು ಬೂದುಬಣ್ಣದ ಮೊಲ ಇತ್ತು. ಅದರ ಕಿವಿಗಳಿಗೆ ಎಣ್ಣೆ ಮೆತ್ತಿತ್ತು. ಅದು ಬಾಯಿ ಆಡಿಸಿತು, ಆದರೆ ದನಿ ಬರಲಿಲ್ಲ.

"ಕೇಳಿರಿ," ಅಂದ ಕಾವಳರಾಯ. ಅವನ ಮಾತು ಪ್ರತಿ ಮನೆಯೊಳಕ್ಕೂ ಕೇಳಿಸಿತು. "ಇವನ್ನು ಕೈಯಾರೆ ಕೊಲ್ಲುವ ವರ ನನಗಿಲ್ಲ. ತಾವಾಗಿ ಸತ್ತರೆ ನನ್ನವು. ಇಲ್ಲ, ಒಡೆಯರು ಕೊಟ್ಟರೆ ನನ್ನವು. ಮೊದಲ ಕೋಗಿಲೆ ಕೂಗುವ ತನಕ ಬದುಕಿದ್ದರೆ ನಿಮ್ಮವು. ಆದರೆ ಮನೆಯಾಗಲಿ ಕೊಟ್ಟಿಗೆಯಾಗಲಿ, ಸೂರಿನ ಕೆಳಗೆ ತಂದಿರೋ, ಉಸಿರು ಅಲ್ಲೇ ನಿಲ್ಲುತ್ತದೆ. ಬಯಲಿಗೆ ಬಿಟ್ಟಿರೋ, ಕಾಡು ಸೇರಿ ನಿಮ್ಮನ್ನು ಮರೆಯುತ್ತವೆ. ಇನ್ನು ನಿಮ್ಮ ಪಾಡು ನಿಮಗೆ."

ಮಂತ್ರಿಗೆ ಇದರಲ್ಲಿ ನಂಬಿಕೆ ಹುಟ್ಟಲಿಲ್ಲ. ಬರೀ ಬೆದರಿಕೆ ಅಂದುಕೊಂಡ. ಮೊಮ್ಮಗನಾಗಿದ್ದ ಬಿಳಿ ಮೊಲವನ್ನು ಎದೆಗೆ ಅವಚಿಕೊಂಡು ಒಳಗೆ, ಒಲೆಯ ಹತ್ತಿರಕ್ಕೆ ಓಡಿದ. ಹೊಸ್ತಿಲು ದಾಟಿದ್ದೇ ತಡ, ಅದರ ಕತ್ತು ವಾಲಿತು. ಅದರ ಬಾಯಿಂದ ಅಂಗೈಯಷ್ಟು ಮೋಡ ಹೊರಟು, ಓಣಿಯಲ್ಲಿ ತೇಲಿ, ಬೆಟ್ಟದ ಕಡೆ ಹೋಯಿತು. ಎಲ್ಲರೂ ಅದನ್ನು ನೋಡಿದರು. ಆಮೇಲೆ ಯಾರೂ ಮೊಲವನ್ನು ಒಳಗೆ ತರಲಿಲ್ಲ.

ಊರಿನ ತುಂಬ ಬಿದಿರಿನ ಗೂಡುಗಳು ಎದ್ದವು. ಮಕ್ಕಳಿದ್ದ ಪ್ರತಿ ಮನೆಯ ಅಂಗಳದಲ್ಲೂ ಗೂಡು, ಗೂಡಿಗೊಂದು ಮೊಲ. ಅರಸ ಭುಜಬಲರಾಯನ ಒಬ್ಬಳೇ ಮಗಳೂ ಮೊಲವಾಗಿದ್ದಳು. ಅವಳಿಗೆ ಚಿನ್ನದ ಪಂಜರ ಮಾಡಿಸಿದರು. ದೊಡ್ಡವರ ಬುದ್ಧಿ ನೋಡಿ! ಮೊದಲ ಬೆಳಗಿಗೇ ಚಿನ್ನ ಮಂಜು ಹಿಡಿದು ಸುಡುವಷ್ಟು ತಣ್ಣಗಾಯಿತು, ಕೂಸಿನ ಪಾದ ಕಂಬಿಗೆ ಅಂಟಿಕೊಂಡಿತು, ಬಿಡಿಸುವಾಗ ಚರ್ಮ ಕಿತ್ತು ಬಂತು. ರಾಣಿ ಹೋ ಅಂತ ಅತ್ತಳು. ಅರಮನೆಗೂ ಬಿದಿರಿನ ಗೂಡೇ ಬಂತು.

ಮೊದಲು ಬಂದದ್ದು ನರಿ.

ಅದು ಕಾವಳರಾಯ ಕಳಿಸಿದ ನರಿ. ಕರುವಿನಷ್ಟು ಎತ್ತರ, ಕೆಂಡದಂಥ ಬಣ್ಣ, ಮನುಷ್ಯರ ಮಾತು ಬಲ್ಲದು. ಮುಚ್ಚಂಜೆ ಹೊತ್ತಿಗೆ ಓಣಿಗೆ ಬಂದು ನಡುವೆ ಕೂತುಕೊಂಡಿತು. ಜನ ಒನಕೆ, ಕೋಲು ಹಿಡಿದು ಗೂಡಿನ ಬಾಗಿಲುಗಳ ಮುಂದೆ ನಿಂತರು.

"ಯಾಕಪ್ಪಾ ಇಷ್ಟು ಗಾಬರಿ?" ಅಂತು ನರಿ. "ನಾನು ಯಾವ ಗೂಡಿನ ಬಾಗಿಲನ್ನೂ ಮುಟ್ಟುವುದಿಲ್ಲ. ನನ್ನ ಬಾಲದ ಆಣೆ."

ಆಣೆ ಮುರಿಯಲಿಲ್ಲ ಅದು. ಬಾಗಿಲು ಮುಟ್ಟಲೇ ಇಲ್ಲ. ಜನ ದೀಪ ಹಚ್ಚಲು ಒಳಗೆ ಹೋಗಿ ಬರುವಷ್ಟರಲ್ಲಿ ಹಿಂದಿನಿಂದ ಬಂದು ನೆಲ ಕೆರೆಯಿತು. ಮೊಲಗಳು ಹುಲ್ಲು ಮೇಯಲಿ ಅಂತ ಗೂಡುಗಳಿಗೆ ಯಾರೂ ತಳ ಹೆಣೆದಿರಲಿಲ್ಲ. ಗಾಣಿಗರ ಮನೆಯ ಅವಳಿ ಮಕ್ಕಳು ಹೋದವು. ಹೂಗಾರರ ಮನೆಯ ಕೂಸು ಹೋಯಿತು. ಮೋಡದ ತುಣುಕುಗಳು ಒಂದರ ಹಿಂದೆ ಒಂದು ಬೆಟ್ಟಕ್ಕೆ ತೇಲಿದವು. ಓಣಿಯಲ್ಲಿ ಅಳು ಎದ್ದಿತು.

ಸಂಗವ್ವನ ಗೂಡನ್ನೂ ನರಿ ಕೆರೆದಿತ್ತು. ಆದರೆ ಅವಳ ಅಂಗಳದಲ್ಲಿ ಬಚ್ಚಲ ನೀರು ಹರಿದು ಸದಾ ರಾಡಿ. ರಾಡಿಯಲ್ಲಿ ಕೂಸನ್ನು ಹೇಗೆ ಇಡುವುದು ಅಂತ ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೂಡನ್ನು ಇಟ್ಟಿದ್ದಳು. ಜಾಣತನವಲ್ಲ ಅದು, ಅದೃಷ್ಟ. ನರಿಯ ಮೂತಿ ಕಲ್ಲಿಗೆ ತಾಗಿ ಹಿಂದೆ ಸರಿದಿತ್ತು. ಮರುದಿನ ಊರೆಲ್ಲ ಗೂಡುಗಳನ್ನು ಕಲ್ಲಿನ ಮೇಲೆ ಏರಿಸಿತು. ಕೆಲವರು ಒರಳನ್ನು ಮಗುಚಿ ಹಾಕಿದರು, ಕೆಲವರು ಬೀಸುವ ಕಲ್ಲನ್ನೇ ಹೊತ್ತು ತಂದರು. ಎರಡನೆಯ ಸಂಜೆ ನರಿ ಬಂದು ಕೆರೆಯಿತು, ಉಗುರು ಮುರಿದುಕೊಂಡು ಹೋಯಿತು. ಮೂರನೆಯ ಸಂಜೆ ಬಿದಿರಿನ ಸಂದಿಯಲ್ಲಿ ಪಂಜ ತೂರಿಸಿ ಇನ್ನೊಂದು ಮರಿಯನ್ನು ಎಳೆಯಿತು. ಆಗ ಜನ ಹಳೆಯ ಬಿದಿರಿನ ಮೇಲೆ ಸಣ್ಣ ಸೀಳುಗಳ ಇನ್ನೊಂದು ಹೆಣಿಗೆ ಹಾಕಿದರು, ಬೆರಳು ಕೂಡ ಹೋಗದ ಹಾಗೆ. ನರಿ ಓಣಿಯ ತುದಿಯಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೆ ಎದ್ದು ಹೋಯಿತು.

"ಗೆದ್ದೆವು ಕಣೇ ಸಂಗೀ," ಅಂದಳು ಪಕ್ಕದ ಮನೆಯ ರುದ್ರವ್ವ. ಗಂಡನಿಲ್ಲದ ಹೆಂಗಸು. ಅವಳಿಗೆ ಗುರುಪಾದ ಒಬ್ಬನೇ ಮಗ, ಎಲ್ಲರ ಬಾಯಲ್ಲಿ ಗುರ್ಯಾ. ಈಗ ಕಪ್ಪು ಚುಕ್ಕೆಯ ಮೊಲವಾಗಿ ಅವಳ ಗೂಡಿನಲ್ಲಿದ್ದ. ಸಂಗವ್ವ ಹುಟ್ಟಿದಾಗಿನಿಂದ ಅವಳನ್ನು ಚಿಗವ್ವ ಅಂತಲೇ ಕರೆಯುವುದು.

"ಇನ್ನೂ ಮಾಗಿ ಶುರುವಾಗಿದೆ ಅಷ್ಟೇ ಚಿಗವ್ವಾ," ಅಂದಳು ಸಂಗವ್ವ.

"ಬಾಯಲ್ಲಿ ಒಂದು ಒಳ್ಳೆ ಮಾತು ಬರೋದಿಲ್ಲವಲ್ಲೇ ನಿನಗೆ!"

ಎರಡನೆಯದಾಗಿ ಬಂದದ್ದು ಚಳಿ.

ಅಂಥ ಚಳಿ ಆ ಊರು ಕಂಡಿರಲಿಲ್ಲ. ಕಾವಳರಾಯ ಬೆಟ್ಟದ ತುದಿಯಲ್ಲಿ ಕೂತು ದಿನವೆಲ್ಲ ಊದಿದ. ಮರದ ತೊಗಟೆ ಟಪ್ ಅಂತ ಬಿರಿಯಿತು. ಹಾರುತ್ತಿದ್ದ ಗುಬ್ಬಿಗಳು ನೆಲಕ್ಕೆ ಬಿದ್ದವು. ಮೊಲಗಳು ಗೂಡಿನ ಮೂಲೆಯಲ್ಲಿ ಮುದುಡಿ ನಡುಗಿದವು.

ಜನ ಏನು ಮಾಡಿಯಾರು? ಕೌದಿ ತಂದರು. ಮಕ್ಕಳಿಗೆಂದೇ ಹೊಲಿದ ಕೌದಿಗಳಲ್ಲವೇ. ಗೂಡಿನ ಮೇಲೆ ಹೊದಿಸಿ, ನಾಲ್ಕೂ ಕಡೆ ಇಳಿಬಿಟ್ಟು, ಒಂದೆಳೆ ಗಾಳಿಯೂ ನುಸುಳದ ಹಾಗೆ ಅಂಚುಗಳನ್ನು ಕಲ್ಲಿನಿಂದ ಒತ್ತಿದರು. ರುದ್ರವ್ವನ ಕೌದಿ ಊರಿಗೇ ಹೆಸರಾದದ್ದು. ತನ್ನ ಮದುವೆಯ ಸೀರೆಗಳನ್ನೆಲ್ಲ ಸೇರಿಸಿ ಏಳು ಪದರ ಹಾಕಿ ಹೊಲಿದಿದ್ದಳು. ಸಂಗವ್ವ ತನ್ನ ಅವ್ವ ಸಾಯುವ ಮುಂಚೆ, ಕೆಮ್ಮಿನ ನಡುನಡುವೆ ಪಾರಿಗೆಂದು ಹೊಲಿದ ಕೌದಿ ತಂದಳು. ಅದರಲ್ಲಿ ಇನ್ನೂ ಅವ್ವನ ವಾಸನೆ ಇತ್ತು. ಸಂಗವ್ವನ ಕೌದಿಯನ್ನು ಅವ್ವನ ಹೆಣಕ್ಕೆ ಹೊದಿಸಿ ಹೂಳಿದ್ದರು, ಅವಳ ಪಾಲಿಗೆ ಅವ್ವ ಅಂದರೆ ಇನ್ನು ಇದೊಂದೇ.

ಒಂದೆರಡು ದಿನ ಎಲ್ಲ ಚೆನ್ನಾಗಿದೆ ಅನ್ನಿಸಿತು. ಆಮೇಲೆ ಮೊಲಗಳು ಸೀನತೊಡಗಿದವು. ಮೂಗಿನಲ್ಲಿ ನೀರು, ಕಣ್ಣಿನಲ್ಲಿ ಪಿಸುರು. ಒಂದು ಬೆಳಿಗ್ಗೆ ಕುಂಬಾರರ ಮನೆಯ ಮೊಲ ಸತ್ತಿತ್ತು, ಮರುದಿನ ಬಡಗಿಯ ಮನೆಯದು. "ಚಳಿ ಒಳಗೆ ಹೋಗಿದೆ, ಇನ್ನೊಂದು ಕೌದಿ ಹಾಕಿ" ಅಂದರು ಹಿರಿಯರು. ಜನ ಇನ್ನೊಂದು ಹಾಕಿದರು. ಇನ್ನೂ ಹೆಚ್ಚು ಸತ್ತವು.

ಪಾರಿಯೂ ಸೀನಿದಳು. ಸಂಗವ್ವ ಬೆಳಗಿನ ಹೊತ್ತು ಕೌದಿಯ ಒಳಗೆ ಕೈ ಹಾಕಿದರೆ ಹುಲ್ಲು ತೊಪ್ಪೆ, ಕೌದಿಯ ಒಳಮೈ ಒದ್ದೆ, ಮೂತ್ರದ ಘಾಟು ಕಣ್ಣಿಗೆ ಹೊಡೆಯುವಷ್ಟು. ಮಳೆಯಿಲ್ಲ, ನೀರಿಲ್ಲ, ಈ ಒದ್ದೆ ಎಲ್ಲಿಂದ ಬಂತು ಅಂತ ಅವಳಿಗೆ ತಿಳಿಯಲಿಲ್ಲ. ಹುಲ್ಲು ಬದಲಾಯಿಸಿದಳು. ಮರುದಿನ ಮತ್ತೆ ಒದ್ದೆ. ಅಳು ಬಂತು ಅವಳಿಗೆ. "ಏನಾಗುತ್ತಿದೆ ಅಂತ ಹೇಳೇ ಪಾರೀ, ಒಂದು ಮಾತು ಆಡೇ," ಅಂತ ಗೂಡಿಗೆ ಮುಖ ಒತ್ತಿ ಕೇಳಿದಳು. ಮೊಲ ಉಬ್ಬಸಪಡುತ್ತ ಅವಳನ್ನೇ ನೋಡಿತು.

ಓಣಿಯ ಕೊನೆಯಲ್ಲಿ ಭೀಮಜ್ಜಿ ಅಂತ ಒಬ್ಬ ಮುದುಕಿ ಇದ್ದಳು, ಕಡು ಬಡವಿ. ಅವಳ ಮೊಮ್ಮಗನ ಗೂಡಿಗೆ ಹೊದಿಸಿದ್ದ ಕೌದಿಯನ್ನು ಇಲಿ ತಿಂದು ಒಂದು ಕಡೆ ಪೂರ್ತಿ ಜರಡಿಯಾಗಿತ್ತು. ಅವತ್ತು ಸಂಗವ್ವ ಒಣ ಹುಲ್ಲು ಕೇಳಲು ಅಲ್ಲಿಗೆ ಹೋದಳು. ಮುದುಕಿಯ ಮೊಲ ಕಿವಿ ನಿಮಿರಿಸಿ ಕರಕರ ಅಂತ ಗರಿಕೆ ತಿನ್ನುತ್ತಿತ್ತು. ಗೂಡಿನ ಹುಲ್ಲು ಗರಿಗರಿ ಒಣಗಿತ್ತು.

"ಅಜ್ಜೀ, ಇದು ಸೀನಲೇ ಇಲ್ಲವಾ?"

"ಎಲ್ಲಿಯ ಸೀನು! ನನಗೋ ನಾಚಿಕೆ, ಕೂಸಿಗೆ ಹರಕು ಹೊದಿಸಿದ್ದೀನಿ ಅಂತ. ತೇಪೆ ಹಾಕೋಣ ಅಂದರೆ ಕಣ್ಣು ಕಾಣೋದಿಲ್ಲ ತಾಯೀ."

ಸಂಗವ್ವ ಆ ಒಣ ಹುಲ್ಲನ್ನು ಮುಟ್ಟಿ, ಇಲಿ ತಿಂದ ತೂತುಗಳನ್ನು ನೋಡಿದಳು. ಮೊಲದ ಉಸಿರು ಹೊರಗೆ ಹೋಗುವ ದಾರಿಯಿದ್ದರೆ ಹುಲ್ಲು ಒಣಗಿರುತ್ತದೆ, ದಾರಿಯಿಲ್ಲದಿದ್ದರೆ ಆ ಉಸಿರೇ ನೀರಾಗಿ ಅದರ ಮೈಮೇಲೆ ಬೀಳುತ್ತದೆ. ಕೊಲ್ಲುತ್ತಿದ್ದದ್ದು ಬರೀ ಚಳಿಯಲ್ಲ, ಆ ತೇವ. ಮುಂದೆ ಏನು ಮಾಡಬೇಕು ಅಂತ ಅವಳಿಗೆ ಗೊತ್ತಾಗಿತ್ತು. ಅಂಚು ಎತ್ತಿಬಿಟ್ಟರೆ ಬೆಟ್ಟದ ಗಾಳಿ ನೇರ ಒಳಗೆ ಹೊಡೆಯುತ್ತಿತ್ತು. ಗಾಳಿ ಬೀಸದ ಕಡೆಗೆ, ಮೇಲ್ಗಡೆ, ಅಂಗೈಯಗಲ ಕಿಂಡಿ ಬೇಕು. ಅದಕ್ಕೆ ಕೌದಿಗೇ ಕತ್ತರಿ ಹಾಕಬೇಕು.

ಮನೆಗೆ ಬಂದು ಕತ್ತರಿ ಹಿಡಿದು ಗೂಡಿನ ಮುಂದೆ ಕೂತಳು. ಅವ್ವನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕೊನೆಕೊನೆಗೆ ಅವ್ವನ ಕೈ ನಡುಗುತ್ತಿದ್ದರಿಂದ ಕಿಂಡಿ ಬರಬೇಕಿದ್ದ ಮೂಲೆಯ ಹೊಲಿಗೆ ಸೊಟ್ಟಗಿತ್ತು. "ತಪ್ಪಾಯಿತು ಅವ್ವಾ," ಅಂದು ಕತ್ತರಿಸಿದಳು. ಕತ್ತರಿಸುತ್ತ ಜೋರಾಗಿ ಅತ್ತಳು.

ಆ ಅಳು ಕೇಳಿ ರುದ್ರವ್ವ ಓಡಿ ಬಂದಳು. ಕೌದಿ ನೋಡಿ ಎದೆ ಬಡಿದುಕೊಂಡಳು. "ಅಯ್ಯೋ ಪಾಪಿಷ್ಠೆ! ನಿಮ್ಮವ್ವನ ಎದೆಗೇ ಕತ್ತರಿ ಹಾಕಿದೆಯಲ್ಲೇ! ಸತ್ತವಳನ್ನು ಇನ್ನೊಂದು ಸಲ ಸಾಯಿಸಿದೆಯಲ್ಲೇ!"

"ಚಿಗವ್ವಾ, ಒಳಗೆ ತೇವ ನಿಲ್ಲುತ್ತಿದೆ. ಕೈ ಹಾಕಿ ನೋಡು. ನಿನ್ನದಕ್ಕೂ ಒಂದು ಕಿಂಡಿ ಮಾಡು, ನಿನ್ನ ಕಾಲು ಹಿಡಿಯುತ್ತೀನಿ."

"ಮುಟ್ಟಬೇಡ ನನ್ನ ಗೂಡನ್ನು! ಏಳು ಪದರ ಹಾಕಿ ಹೊಲಿದಿದ್ದೀನಿ ನನ್ನ ಮಗನಿಗೆ. ಹೆತ್ತಿದ್ದರೆ ಗೊತ್ತಾಗುತ್ತಿತ್ತು ನಿನಗೆ."

ಸಂಗವ್ವ ಮನೆಮನೆಗೆ ಹೋದಳು. ಕೆಲವರು ಬೈದರು, ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಅವಳು ಹೇಳಿದ ಹಾಗೆ ಒಳಗೆ ಕೈ ಹಾಕಿ ನೋಡಿ, ಕತ್ತರಿ ತಂದರು. ಮರುದಿನ ಬೆಳಿಗ್ಗೆ ಕಿಂಡಿ ಮಾಡಿದ ಗೂಡುಗಳಲ್ಲಿ ಹುಲ್ಲು ಒಣಗಿತ್ತು. ಪಾರಿಯ ಉಬ್ಬಸ ಇಳಿದಿತ್ತು. ರುದ್ರವ್ವನ ಗೂಡಿನಿಂದ ಸಣ್ಣದೊಂದು ಮೋಡ ಹೊರಟು, ಸಂಗವ್ವನ ಮುಂದೆಯೇ ಹಾದು, ಬೆಟ್ಟದ ಕಡೆ ಹೋಯಿತು.

ರುದ್ರವ್ವ ಅಳಲಿಲ್ಲ. ಮಗನನ್ನು ಏಳು ಪದರದ ಆ ಕೌದಿಯಲ್ಲೇ ಸುತ್ತಿ ಹೂಳಿ ಬಂದಳು. ಅವತ್ತಿನಿಂದ ಅವಳು ದಿನಾ ಬೆಳಿಗ್ಗೆ ಖಾಲಿ ಗೂಡನ್ನು ಗುಡಿಸಿ, ಹೊಸ ಹುಲ್ಲು ಹಾಕಿ, ಬಾಗಿಲು ಮುಚ್ಚುತ್ತಿದ್ದಳು. ಸಂಗವ್ವ ಅಂಬಲಿ ತೆಗೆದುಕೊಂಡು ಹೋದರೆ ಮುಖ ತಿರುಗಿಸುತ್ತಿದ್ದಳು. ಎರಡನೆಯ ಸಲ ಹೋದಾಗ, "ನಿನ್ನದು ಬದುಕಿದೆಯಲ್ಲ, ಹೋಗು, ನೋಡಿಕೋ," ಅಂದಳು. ಮೂರನೆಯ ಸಲ ಬಾಗಿಲೇ ತೆಗೆಯಲಿಲ್ಲ. ಅವತ್ತೇ ರುದ್ರವ್ವನ ಕಣ್ಣು ತಪ್ಪಿಸಿ ತಾನೇ ಹೋಗಿ ಆ ಕೌದಿಯನ್ನು ಕತ್ತರಿಸಬೇಕಿತ್ತು ಅಂತ ಸಂಗವ್ವನಿಗೆ ಅನ್ನಿಸುತ್ತಿತ್ತು. ಬೈಸಿಕೊಂಡರೆ ಬೈಸಿಕೊಳ್ಳುತ್ತಿದ್ದೆ, ಮಗು ಉಳಿಯುತ್ತಿತ್ತು ಅಂತ. ಆ ಯೋಚನೆಯಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮಾಗಿ ಹೀಗೇ ನಡೆಯಿತು. ಕಲ್ಲಿನ ಮೇಲೆ ಗೂಡು, ಗೂಡಿಗೆ ಎರಡು ಹೆಣಿಗೆ, ಕೌದಿಗೆ ಕಿಂಡಿ, ಒಳಗೆ ಒಣ ಹುಲ್ಲು. ಸಾವು ನಿಂತಿತು. ಆದರೆ ಊರಿನಲ್ಲಿ ನಗು ಇರಲಿಲ್ಲ. ಉಳಿಸಿಕೊಂಡವರು ಕಳೆದುಕೊಂಡವರ ಮುಖ ನೋಡಲಾರದೆ ತಲೆ ತಗ್ಗಿಸಿ ಓಡಾಡುತ್ತಿದ್ದರು.

ಮೂರನೆಯದಾಗಿ ಕಾವಳರಾಯ ತಾನೇ ಬಂದ.

ಮಾಗಿ ಮುಗಿಯುವ ಹೊತ್ತು. ಒಂದು ನಸುಕಿನಲ್ಲಿ ಕೋಟೆಯ ಅಂಗಳದಲ್ಲಿ ಅವನು ನಿಂತಿದ್ದ. ಬಹಳ ದಿನದಿಂದ ಒಂದು ಉಸಿರೂ ಸಿಕ್ಕದೆ ಸೊರಗಿ ಕಡ್ಡಿಯಾಗಿದ್ದ. ಈ ಸಲ ಅವನ ಸುತ್ತ ಕಾವಳವೂ ಇರಲಿಲ್ಲ. ಆದರೆ ದನಿ ಮಾತ್ರ ಹಾಗೇ ಇತ್ತು.

"ಅರಸಾ, ಒಂದು ಕೊಡು. ಒಂದೇ ಒಂದು. ಕೊಟ್ಟರೆ ಉಳಿದವನ್ನು ಈಗಲೇ ಮಕ್ಕಳನ್ನಾಗಿ ಮಾಡಿ ಹೊರಟುಹೋಗುತ್ತೀನಿ. ಕೊಡದಿದ್ದರೆ, ಹೊತ್ತು ಹುಟ್ಟುವಷ್ಟರಲ್ಲಿ ಅಷ್ಟನ್ನೂ ಹೆಪ್ಪುಗಟ್ಟಿಸುತ್ತೀನಿ."

ಸುಳ್ಳು. ಅವನಲ್ಲಿ ಅಷ್ಟು ಕಸುವು ಉಳಿದಿರಲೇ ಇಲ್ಲ. ಆದರೆ ಅದು ಊರವರಿಗೆ ಹೇಗೆ ಗೊತ್ತಾಗಬೇಕು? ಅರಸ ಡಂಗುರ ಸಾರಿಸಿದ. ಎಲ್ಲರೂ ತಮ್ಮ ತಮ್ಮ ಗೂಡುಗಳನ್ನು ಹೊತ್ತು ಅಂಗಳಕ್ಕೆ ಬಂದರು.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ತಾಯಿಯಿಲ್ಲದ ಮಗು ಅರಸನ ಮಗು. ಅರಸನ ಅಜ್ಜಿ ಮಾಡಿದ ಕಟ್ಟಳೆ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅನಾಥ ಮಕ್ಕಳಿಗೆ ಅರಮನೆಯ ಕಣಜದಿಂದ ನವಣೆ ಹೋಗುತ್ತಿತ್ತು. ಸಂಗವ್ವ, ಪಾರಿ ಇಷ್ಟು ದಿನ ಉಂಡದ್ದೂ ಅದೇ ನವಣೆ. ಒಂದು ಮಗು ಯಾರದು ಅಂತ ಮಾತು ಬಂದಾಗ ಹೆಂಗಸು ತನ್ನ ಸೆರಗನ್ನು ಅದರ ಮೇಲೆ ಹಾಸಬೇಕು. ಸೆರಗು ಬಿದ್ದರೆ ಅದು ಅವಳದು, ಅರಸನೂ ಮುಟ್ಟುವ ಹಾಗಿಲ್ಲ. ಮದುವೆಯಾಗದ ಹುಡುಗಿಯ ಸೆರಗು ಮಾತ್ರ ನಡೆಯುವುದಿಲ್ಲ.

ಮಂತ್ರಿ ಈ ಕಟ್ಟಳೆಯನ್ನು ಅರಸನ ಕಿವಿಯಲ್ಲಿ ನೆನಪಿಸಿದ. ಮೊಮ್ಮಗನನ್ನು ಕಳೆದುಕೊಂಡವನೇ ಹೀಗೆ ಹೇಳಿದನಲ್ಲ ಅಂತ ನಿಮಗೆ ಅನ್ನಿಸಬಹುದು. ಹೇಳಿದ, ಏನು ಮಾಡುವುದು. ಅದನ್ನು ಕೇಳಿಸಿಕೊಂಡ ರಾಣಿ ಮೊದಲು ತನ್ನ ಮಗಳ ಗೂಡಿನ ಮೇಲೆ ಸೆರಗು ಹಾಸಿದಳು. ಅವಳನ್ನು ನೋಡಿ ಇನ್ನೊಬ್ಬಳು ಹಾಸಿದಳು, ಮತ್ತೊಬ್ಬಳು ಹಾಸಿದಳು. ಭೀಮಜ್ಜಿಯೂ ತನ್ನ ಹರಕು ಸೆರಗನ್ನು ಮೊಮ್ಮಗನ ಮೇಲೆ ಎಳೆದಳು. ಅಂಗಳದ ತುಂಬ ಸೆರಗುಗಳು. ನಡುವೆ ಒಂದೇ ಗೂಡು ಬರಿದಾಗಿ ಉಳಿಯಿತು.

ಸಂಗವ್ವ ಗೂಡಿನ ಮೇಲೆ ಬಿದ್ದು ಅದನ್ನು ತಬ್ಬಿಕೊಂಡಳು.

"ಸಂಗವ್ವಾ," ಅಂದ ಅರಸ. ಅವಳ ಕಡೆ ನೋಡಲು ಅವನಿಗೆ ಆಗಲಿಲ್ಲ. "ನಿನ್ನ ತಂಗಿ ನನ್ನ ಮಗಳು ಇದ್ದ ಹಾಗೆ. ಊರು ಉಳಿಯಬೇಕಮ್ಮಾ..."

"ನಿಮ್ಮ ಮಗಳು ಅಲ್ಲೇ ಇದ್ದಾಳಲ್ಲ ಬುದ್ಧೀ, ಆ ಗೂಡಿನಲ್ಲಿ. ಅವಳನ್ನೇ ಕೊಡಿ."

ರಾಣಿ ಸೆರಗನ್ನು ಇನ್ನಷ್ಟು ಬಿಗಿ ಹಿಡಿದಳು. ಸಂಗವ್ವ ಸುತ್ತ ನೋಡಿದಳು. ಕಿಂಡಿ ಮಾಡಿ ಅಂತ ತಾನು ಕಾಲು ಹಿಡಿದವರೆಲ್ಲ ಅಲ್ಲಿದ್ದರು. "ಯಾರಾದರೂ ಒಬ್ಬರು ಹಾಸಿ. ಅತ್ತೇ, ನೀವು? ಅಕ್ಕಾ, ನೀನು? ನಿಮ್ಮ ಮಕ್ಕಳಿಗೋಸ್ಕರ ಬಾಗಿಲು ಬಾಗಿಲು ಅಲೆದೆನಲ್ಲ ನಾನು!" ಎಲ್ಲರೂ ನೆಲ ನೋಡಿದರು. ಇವಳದನ್ನು ಉಳಿಸಿದರೆ ಆಮೇಲೆ ನಮ್ಮದಕ್ಕೆ ಬರುತ್ತದೆ ಅನ್ನುವ ಭಯ. ಕೆಟ್ಟವರಲ್ಲ ಅವರು. ಹೆದರಿದ್ದರು.

ಕಾವಲಿನವರು ಬಂದು ಸಂಗವ್ವನ ರಟ್ಟೆ ಹಿಡಿದರು. ಕಾವಳರಾಯ ನಾಲಿಗೆ ಹೊರಚಾಚಿ ಒಂದು ಹೆಜ್ಜೆ ಮುಂದೆ ಬಂದ.

"ಹಾದಿ ಬಿಡಿ," ಅಂತ ಒಂದು ದನಿ ಬಂತು.

ರುದ್ರವ್ವ. ಅವಳನ್ನು ಯಾರೂ ಕರೆದಿರಲಿಲ್ಲ, ಅವಳಿಗೆ ತರುವ ಗೂಡೂ ಇರಲಿಲ್ಲ. ಜನರನ್ನು ತಳ್ಳಿಕೊಂಡು ಬಂದಳು. ಸಂಗವ್ವನ ಮುಖ ಕೂಡ ನೋಡಲಿಲ್ಲ. ಸೊಂಟದಿಂದ ಸೆರಗು ಬಿಚ್ಚಿ, ಝಾಡಿಸಿ, ಪಾರಿಯ ಗೂಡಿನ ಮೇಲೆ ಹಾಸಿದಳು.

"ರುದ್ರವ್ವಾ, ಅದು ನೀನು ಹೆತ್ತದ್ದಲ್ಲ," ಅಂದ ಮಂತ್ರಿ.

"ಹೆತ್ತದ್ದು ಹೋಯಿತು," ಅಂದಳು ರುದ್ರವ್ವ. "ನರಿ ತಿನ್ನಲಿಲ್ಲ, ಚಳಿ ಕೊಲ್ಲಲಿಲ್ಲ. ನಾನೇ ಹೊದಿಸಿ ಹೊದಿಸಿ ಉಸಿರು ಕಟ್ಟಿಸಿ ಕೊಂದೆ. ಈ ಹುಡುಗಿ ಕಾಲು ಹಿಡಿದಳು, ಕೇಳಲಿಲ್ಲ ನಾನು. ಇದು ಈಗ ನನ್ನದು. ಯಾರಿಗೆ ಧೈರ್ಯ ಇದೆಯ್ಯಾ, ಬನ್ನಿ, ಈ ಸೆರಗು ಎತ್ತಿ ನೋಡೋಣ."

ಕಾವಲಿನವರು ಸಂಗವ್ವನ ಕೈ ಬಿಟ್ಟರು.

"ಹಾಗಾದರೆ ಯಾರನ್ನು ಕೊಡಲಿ ನಾನು?" ಅಂದ ಅರಸ.

"ಯಾರನ್ನೂ ಕೊಡಬೇಡಿ," ಅಂದಳು ರುದ್ರವ್ವ. "ಸಾಯುವುದಾದರೆ ಎಲ್ಲ ಒಟ್ಟಿಗೆ ಸಾಯಲಿ. ಆರಿಸಿ ಕೊಡುವುದು ಬೇಡ."

ಹೆಂಗಸರು ಗೂಡುಗಳನ್ನು ಒಂದಕ್ಕೊಂದು ಒತ್ತಿ ಇಟ್ಟು ಸುತ್ತ ಕೂತರು. ಗಂಡಸರು ಅವರ ಸುತ್ತ ಗಾಳಿಗೆ ಬೆನ್ನು ಕೊಟ್ಟು ನಿಂತರು. ಅರಸನೂ ನಿಂತ. ಕಾವಳರಾಯ ಎದೆ ತುಂಬ ಗಾಳಿ ಎಳೆದುಕೊಂಡು ಊದಿದ. ಎಲ್ಲರೂ ಕಣ್ಣು ಮುಚ್ಚಿದರು. ಒಂದು ಹುಲ್ಲುಕಡ್ಡಿ ಸ್ವಲ್ಪ ಅಲುಗಿತು. ಅಷ್ಟೇ. ಅವನು ಇನ್ನೊಮ್ಮೆ ಊದಿದ, ಕೆಮ್ಮು ಬಂತು. ಮೂರನೆಯ ಸಲ ಊದಲು ಬಾಯಿ ತೆರೆದಾಗ ಕೋಟೆಯ ಗೋಡೆ ದಾಟಿ ಬಿಸಿಲು ಅಂಗಳಕ್ಕೆ ಬಿತ್ತು. ಅವನ ಗಡ್ಡ ಕರಗಿತು, ಕೈ ಕರಗಿತು, ಆಮೇಲೆ ಕಲ್ಲಿನ ಮೇಲೆ ಒಂದಿಷ್ಟು ಕೊಳಕು ನೀರು ಉಳಿಯಿತು. ಬೇವಿನ ಮರದಲ್ಲಿ ಮೊದಲ ಕೋಗಿಲೆ ಕೂಗಿತು.

ಗೂಡುಗಳು ಬಿರಿದವು. ಹುಲ್ಲು ಮೆತ್ತಿದ ಮೈಯ ಮಕ್ಕಳು ಎದ್ದು ಕೂತು, ಒಟ್ಟಿಗೆ ಅಳಲು ಶುರುಮಾಡಿದವು. ಅಂಥ ಚಂದದ ಗದ್ದಲವನ್ನು ಆ ಊರು ಹಿಂದೆಂದೂ ಕೇಳಿರಲಿಲ್ಲ.

ಮುಂದೆ ಎಲ್ಲರೂ ಸುಖವಾಗಿ ಬಾಳಿದರು ಅಂತ ಹೇಳುವುದು ಕತೆ ಹೇಳುವವರ ಧರ್ಮ. ಬಾಳಿದರು, ಇಲ್ಲ ಅನ್ನುವುದಿಲ್ಲ. ಅರಸ ಆ ಕಟ್ಟಳೆಯನ್ನು ತಿದ್ದಿದ. ಅಕ್ಕನ ಸೆರಗೂ ನಡೆಯುತ್ತದೆ, ಅಜ್ಜನ ಪಂಚೆಯೂ ನಡೆಯುತ್ತದೆ, ಯಾವ ಮಗುವನ್ನೂ ಯಾರಿಗೂ ಕೊಡುವ ಹಾಗಿಲ್ಲ ಅಂತ ಮಾಡಿದ. ಆದರೆ ಸತ್ತ ಮಕ್ಕಳು ತಿರುಗಿ ಬರಲಿಲ್ಲ. ಅಂಥ ಮಂತ್ರ ಯಾರ ಹತ್ತಿರವೂ ಇರಲಿಲ್ಲ.

ಆದರೆ ಕಟ್ಟಳೆ ತಿದ್ದಿದ್ದು ಆಮೇಲೆ. ಆ ಬೆಳಿಗ್ಗೆ ಹಳೆಯದೇ ನಡೆಯುತ್ತಿತ್ತು. ಸೆರಗು ಹಾಸಿದವಳದೇ ಮಗು. ರುದ್ರವ್ವ ಪಾರಿಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೇರಿಸಿಕೊಂಡು ತನ್ನ ಮನೆಗೆ ನಡೆದಳು. ಸಂಗವ್ವ ಹಿಂದೆ ಹಿಂದೆ ಹೋದಳು. ತಂಗಿ ಬದುಕಿದಳು, ಅದು ಸಾಕು, ಇನ್ನೇನು ಕೇಳುವ ಹಕ್ಕಿದೆ ನನಗೆ ಅಂದುಕೊಂಡು ಅಂಗಳದಲ್ಲೇ, ಆ ಖಾಲಿ ಗೂಡಿನ ಪಕ್ಕ ನಿಂತಳು. ಒಳಗೆ ಒಲೆ ಹೊತ್ತಿದ ಸದ್ದು ಕೇಳಿಸಿತು. ರುದ್ರವ್ವ ಗೋಡೆಯ ಹಲಗೆಯ ಮೇಲಿಂದ ಗುರ್ಯಾನ ಸಣ್ಣ ತಟ್ಟೆ ಇಳಿಸಿ, ಒರೆಸಿ, ಅಂಬಲಿ ಹಾಕಿ ಪಾರಿಯ ಮುಂದೆ ಇಡುವುದು ಬಾಗಿಲಿನಿಂದ ಕಾಣಿಸಿತು. ಇಟ್ಟವಳು ಅಲ್ಲೇ ಕುಸಿದು ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮಗ ಸತ್ತ ಮೇಲೆ ಮೊದಲ ಸಲ ಅತ್ತಳು.

ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಎದ್ದು ಬಾಗಿಲಿಗೆ ಬಂದಳು.

"ಅಲ್ಲೇ ಕಂಬದ ಹಾಗೆ ಯಾಕೆ ನಿಂತಿದ್ದೀಯೇ?" ಅಂತ ಸಂಗವ್ವನನ್ನು ಗದರಿದಳು. "ಒಳಗೆ ಬಾ. ಕೂಸಿಗೆ ಚಳಿಯಾಗುತ್ತೆ, ಬಾಗಿಲು ಹಾಕಬೇಕು."